ಮನೆಯೊಳಗಿನ ಫೋಟೊ ತೆಗೆದುಕೊಂಡೇ ಬದುಕು ಸಾಗುತ್ತದಾ?

ಕಾಪು ಕ್ಲಿಕ್
ಎಲ್ಲರಿಗೂ ನಮಸ್ಕಾರ. ಕಾಪು ಹತ್ತಿರದವಳು ನಾನು. ಮದುವೆ, ಸೀಮಂತ, ಗೃಹಪ್ರವೇಶದ ಫೋಟೊ ತೆಗೆಯುವುದು ಕೆಲಸ. ಸೀಸನ್ನಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಮಳೆಗಾಲದ ಆಟಿ ತಿಂಗಳು ಬಂತೆಂದರೆ ಒಂದು ಫೋನೂ ಇಲ್ಲ. ಹಾಗೆ ಸುಮ್ನೆ ಕೂತ ದಿನಗಳಲ್ಲಿ ಮನೆಯೊಳಗೇ ಕ್ಯಾಮೆರಾ ಹಿಡಿಯಲು ಶುರು ಮಾಡಿದೆ. ಅತ್ತೆ ಬೀಡಿ ಕಟ್ಟುವುದು, ಮಾವ ಟಿವಿ ಎದುರು ಬಾಯಿ ತೆರೆದು ನಿದ್ದೆ ಹೋಗಿರುವುದು, ಮಳೆಗೆ ಒಣಗದ ಯೂನಿಫಾರ್ಮ್ ಒಲೆ ಮೇಲಿನ ಹಗ್ಗದಲ್ಲಿ ನೇತಾಡುವುದು. ಇಂಥವೇ.

ಈಗ ಅದೇ ಚಟವಾಗಿದೆ. ಮದುವೆ ಫೋಟೊಕ್ಕಿಂತ ಇದರಲ್ಲೇ ಜಾಸ್ತಿ ಮನಸ್ಸು. ಅಮೆರಿಕದ ಜೂಲಿ ಬ್ಲಾಕ್‌ಮನ್ ಎನ್ನುವವರು ತನ್ನ ಮಕ್ಕಳು, ತಮ್ಮ ತಂಗಿಯರ ಮಕ್ಕಳನ್ನೇ ಇಟ್ಟುಕೊಂಡು ಮನೆಯ ಚಿತ್ರ ಮಾಡುತ್ತಾರೆ. ಅದೇ ಅವರ ವೃತ್ತಿ. ಗ್ಯಾಲರಿಯಲ್ಲಿ ಪ್ರಿಂಟ್ ಮಾರಾಟವಾಗುತ್ತದೆ, ಪುಸ್ತಕ ಬಂದಿದೆ. ನಮ್ಮ ಮಂಗಳೂರು-ಉಡುಪಿ ಕಡೆ ಇದು ಆಗುವ ಮಾತಾ? ಯಾರಾದರೂ ಮಾಡಿದವರು ಇದ್ದಾರಾ?

ಇನ್ನೊಂದು ತಲೆಬಿಸಿ. ಭಾವನಿಗೆ ಇದು ಸುತರಾಂ ಇಷ್ಟ ಇಲ್ಲ. ಮನೆಯ ಮರ್ಯಾದೆ ಹೊರಗೆ ಹಾಕುತ್ತಿದ್ದಾಳೆ ಎನ್ನುತ್ತಾರೆ.

ಫರಂಗಿಪೇಟೆ ಫಾಸ್ಟ್
ಖಂಡಿತ ಸಾಗುತ್ತದೆ. ಮನೆಯಲ್ಲಿ ಸಂಬಳ ತರುವವರು ಇನ್ನೊಬ್ಬರು ಇದ್ದರೆ.

ಹಳೇ ರೋಲು
ಮೇಲಿನವರು ತಮಾಷೆಗೆ ಹೇಳಿದ್ದಾದರೂ ಸುಳ್ಳಲ್ಲ. ನಾನು ಕುಂದಾಪುರ ಕಡೆ ಫಿಲ್ಮ್ ಕಾಲದಿಂದ ಸ್ಟುಡಿಯೊ ಇಟ್ಟವನು. ನಮ್ಮೂರಿನ ಜನ ಗೋಡೆಗೆ ಹಾಕಲು ಏನು ಕೊಳ್ಳುತ್ತಾರೆ ಗೊತ್ತುಂಟಾ? ಕೃಷ್ಣ ಮಠ, ಯಕ್ಷಗಾನದ ವೇಷ, ಕಂಬಳದ ಕೋಣ, ಮಲ್ಪೆಯ ಸೂರ್ಯಾಸ್ತ. ಯಾರದ್ದೋ ಮನೆಯ ಅತ್ತೆಯನ್ನು ಯಾರೂ ತಮ್ಮ ಚಾವಡಿಯಲ್ಲಿ ತೂಗು ಹಾಕುವುದಿಲ್ಲ ಮಾರಾಯ್ತಿ.

ಸೆಲೂನ್ ಎಂದು ಕರೆಯುವ ಫೋಟೊ ಸ್ಪರ್ಧೆಗಳ ಕಥೆಯೂ ಅಷ್ಟೆ. ಪದಕ ಬರುತ್ತದೆ, ಪೇಪರಿನಲ್ಲಿ ಸಣ್ಣ ಸುದ್ದಿ ಬರುತ್ತದೆ, ಸಂಘದಲ್ಲಿ ಶಾಲು ಹೊದಿಸುತ್ತಾರೆ. ಮರುದಿನ ಮತ್ತೆ ಪಾಸ್‌ಪೋರ್ಟ್ ಸೈಜ್.

ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ನಮ್ಮವರೇ, ಮೈಸೂರಿನವರು. ಸಾಮಾನ್ಯ ಜನರನ್ನು, ಮಕ್ಕಳನ್ನು ಅಷ್ಟು ಚೆನ್ನಾಗಿ ತೆಗೆದವರು ಕಡಿಮೆ. 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಆದರೆ ಹೊಟ್ಟೆಪಾಡು ನಡೆದದ್ದು ಪತ್ರಿಕೆಗಳಿಂದ. ಈಗ ಆ ಪತ್ರಿಕೆಗಳೂ ಇಲ್ಲ, ಆ ಪುಟಗಳೂ ಇಲ್ಲ.

ಮಣಿಪಾಲ ಮಳೆ
ಹಳೇ ರೋಲು ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಸ್ಟುಡಿಯೊ ಗಿರಾಕಿಯ ಲೆಕ್ಕವನ್ನೇ ಕಲೆಯ ಲೆಕ್ಕ ಮಾಡಿಬಿಟ್ಟಿರಿ. ಮಲ್ಪೆ ಸೂರ್ಯಾಸ್ತ ಕೊಳ್ಳುವವರು ಬೇರೆ, ಇಂಥ ಚಿತ್ರ ಕೊಳ್ಳುವವರು ಬೇರೆ. ಸಂಖ್ಯೆ ಕಡಿಮೆ, ಊರೂ ಬೇರೆ. ಅಷ್ಟೇ.

ಬ್ಲಾಕ್‌ಮನ್ ಬಗ್ಗೆ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಜನ ಅವರ ಚಿತ್ರ ನೋಡಿ "ಓ, ಮಕ್ಕಳು ಆಡುವಾಗ ಕ್ಲಿಕ್ ಮಾಡಿದ್ದಾರೆ" ಅಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ. ಅವರು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನವರು. ಒಂಬತ್ತು ಮಕ್ಕಳಲ್ಲಿ ಹಿರಿಯವರು. ಗಲಾಟೆ ಮನೆ ಎಂದರೇನೆಂದು ಚೆನ್ನಾಗಿ ಗೊತ್ತು. 'ಡೊಮೆಸ್ಟಿಕ್ ವೆಕೇಶನ್ಸ್' ಸರಣಿಗೆ ಅವರು ಮಾದರಿಯಾಗಿ ನೋಡಿಕೊಂಡದ್ದು 17ನೇ ಶತಮಾನದ ಡಚ್ ಚಿತ್ರಕಾರ ಯಾನ್ ಸ್ಟೀನ್‌ನನ್ನು. ಅವನ ಚಿತ್ರಗಳಲ್ಲಿ ದೊಡ್ಡವರು ಕುಡಿದು ನಗುತ್ತಾ ಇರುತ್ತಾರೆ, ಮಕ್ಕಳು ಏನೋ ಕಿತಾಪತಿ ಮಾಡುತ್ತಿರುತ್ತವೆ, ನೆಲದ ಮೇಲೆಲ್ಲ ಸಾಮಾನು. ಬ್ಲಾಕ್‌ಮನ್ ಅದನ್ನೇ ತನ್ನ ಊರಿಗೆ ತಂದರು. ಜಾಗ ಆರಿಸಿ, ಬಟ್ಟೆಯ ಬಣ್ಣ ಆರಿಸಿ, ಮಕ್ಕಳನ್ನು ಬೇರೆ ಬೇರೆಯಾಗಿ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸುತ್ತಾರೆ. ನಾಟಕ ಆಡಿಸಿದ ಹಾಗೆ.

ಹಾಗಾಗಿ ಕಾಪು ಅಕ್ಕ, ನೀವು ಮಾಡುವುದು ಅದಲ್ಲ. ನೀವು ಇದ್ದದ್ದನ್ನು ಇದ್ದ ಹಾಗೆ ತೆಗೆಯುತ್ತಿದ್ದೀರಿ. ದಾರಿಯೇ ಬೇರೆ.

ದುಬೈ ಪಾರ್ಟಿ
ಅಮೆರಿಕದ ಉದಾಹರಣೆ ನಮಗೆ ಎಂತಕ್ಕೆ? ಅಲ್ಲಿ ಊರಿಗೊಂದು ಮ್ಯೂಸಿಯಂ, ಪ್ರಿಂಟ್ ಕೊಳ್ಳುವ ಶ್ರೀಮಂತರು. ನಮ್ಮಲ್ಲಿ ಹಂಪನಕಟ್ಟೆಯಲ್ಲಿ ನಿಂತು "ಫೋಟೊ ಪ್ರಿಂಟ್ ಕೊಳ್ಳುತ್ತೀರಾ" ಎಂದು ಕೇಳಿ ನೋಡಿ. ಭಾರತದವರು ಯಾರಾದರೂ ಇದ್ದರೆ ಹೇಳಿ.

ಮಣಿಪಾಲ ಮಳೆ
ದಯಾನಿತಾ ಸಿಂಗ್. ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಓದಿದವರು. ಶುರುವಿನಲ್ಲಿ ವಿದೇಶಿ ಪತ್ರಿಕೆಗಳಿಗೆ ಭಾರತದ ಬಡತನ, ಸಂಕಟಗಳ ಫೋಟೊ ತೆಗೆದು ಕಳಿಸುತ್ತಿದ್ದರು. ಅದು ಸಾಕಾಗಿ, ತನಗೆ ಪರಿಚಯ ಇದ್ದ ಅನುಕೂಲಸ್ಥ ಕುಟುಂಬಗಳ ಮನೆಯೊಳಗೆ ಹೋದರು. ಸೋಫಾ, ಗೋಡೆಯ ಮೇಲಿನ ಹಿರಿಯರ ಚಿತ್ರ, ಸಾಲಾಗಿ ಕೂತ ಮನೆಯವರು. 'ಪ್ರೈವಸಿ' ಎಂಬ ಪುಸ್ತಕ 2004ರಲ್ಲಿ ಬಂತು. ಆಮೇಲೆ ಜನರೇ ಇಲ್ಲದ ಕೋಣೆಗಳು, ಖಾಲಿ ಕುರ್ಚಿಗಳು. 2022ರಲ್ಲಿ ಹಾಸೆಲ್‌ಬ್ಲಾಡ್ ಪ್ರಶಸ್ತಿ ಬಂತು. ಫೋಟೊಗ್ರಫಿಯಲ್ಲಿ ಅದಕ್ಕಿಂತ ದೊಡ್ಡದು ಹೆಚ್ಚಿಲ್ಲ.

ದುಬೈ ಪಾರ್ಟಿ
ದಿಲ್ಲಿಯವರು. ಅನುಕೂಲಸ್ಥರ ಮನೆ. ನೀವೇ ಹೇಳಿದಿರಿ. ನಮ್ಮ ಕಾಪುವಿನ ಬೀಡಿ ಕಟ್ಟುವ ಮನೆಗೂ ಅದಕ್ಕೂ ಎಂತ ಸಂಬಂಧ?

ಮಣಿಪಾಲ ಮಳೆ
ಹಾಗಾದರೆ ಕ್ಯಾರಿ ಮೇ ವೀಮ್ಸ್ ನೋಡಿ. ಕಪ್ಪು ಅಮೆರಿಕನ್ ಮಹಿಳೆ. ಸ್ವಂತ ಮನೆಯ ಒಂದು ಅಡುಗೆಮನೆ ಟೇಬಲ್, ಅದರ ಮೇಲೆ ತೂಗುವ ಒಂದು ದೀಪ. ಕ್ಯಾಮೆರಾ ಇಟ್ಟ ಜಾಗವನ್ನೂ ಬದಲಿಸಲಿಲ್ಲ. ಟೇಬಲಿನ ಆ ತುದಿಯಲ್ಲಿ ತಾನೇ ಕೂತು, ಒಮ್ಮೆ ಗಂಡಸಿನ ಜೊತೆ, ಒಮ್ಮೆ ಮಗುವಿನ ಜೊತೆ, ಒಮ್ಮೆ ಗೆಳತಿಯರ ಜೊತೆ, ಕೊನೆಗೆ ಒಬ್ಬಳೇ. 1990ರ 'ಕಿಚನ್ ಟೇಬಲ್ ಸೀರೀಸ್', 20 ಚಿತ್ರ, ಜೊತೆಗೆ 14 ಬರಹದ ಫಲಕ. ಇವತ್ತಿಗೂ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಾರೆ. ಖರ್ಚು ಎಷ್ಟಿರಬಹುದು ಹೇಳಿ? ಒಂದು ಬಲ್ಬು.

ಹಳೇ ರೋಲು
ಆಗ ಅವರು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು ಎಂಬುದನ್ನೂ ಹೇಳಿಬಿಡಿ. ಬಲ್ಬಿನ ಬಿಲ್ಲು ಅಲ್ಲಿಂದ ಕಟ್ಟಿದ್ದು.

ಮಣಿಪಾಲ ಮಳೆ
ಹೌದು, ಪಾಠ ಮಾಡುತ್ತಿದ್ದರು. ಅದಕ್ಕೇ ಹೇಳಿದೆ ಮದುವೆ ಕೆಲಸ ಬಿಡಬೇಡಿ ಅಂತ.

ಹಳೇ ರೋಲು
ಎಲ್ಲಿ ಹೇಳಿದಿರಿ?

ಫರಂಗಿಪೇಟೆ ಫಾಸ್ಟ್
😂😂

ಬ್ರಹ್ಮಾವರ ದೊಡ್ಡಮ್ಮ
ಕಾಪು ಮಗಾ, ಗ್ಯಾಲರಿ ಗೀಲರಿ ಆಮೇಲೆ. ಮೊದಲು ಅತ್ತೆಯನ್ನು ಕೇಳಿದ್ದೀಯಾ? ಭಾವ ಏನು ಹೇಳಿದರು ಅಂತ ಬರೆದಿದ್ದೀಯ. ಚಿತ್ರದಲ್ಲಿರುವುದು ಅತ್ತೆ. ಅವರು ಏನು ಹೇಳಿದರು ಅಂತ ಬರೆದೇ ಇಲ್ಲ.

ಕಾಪು ಕ್ಲಿಕ್
ದೊಡ್ಡಮ್ಮ, ಅತ್ತೆಗೆ ಫೋಟೊ ತೆಗೆದರೆ ಬೇಸರ ಇಲ್ಲ. ಅವರ ತಕರಾರು ಒಂದೇ, ನೈಟಿ. ಕ್ಯಾಮೆರಾ ಕಂಡ ಕೂಡಲೇ "ತಡಿ, ಸೀರೆ ಉಟ್ಟು ಬರುತ್ತೇನೆ" ಎಂದು ಎದ್ದು ಹೋಗುತ್ತಾರೆ. ಸೀರೆ ಉಟ್ಟು, ಕನಕಾಂಬರ ಮುಡಿದು ಬಂದು ತಡ್ಪೆ (ಮೊರ) ಮಡಿಲಿಗೆ ಇಟ್ಟುಕೊಂಡು ಕೂತರೆ ಬೀಡಿ ಯೂನಿಯನ್ನಿನ ಕ್ಯಾಲೆಂಡರ್ ಥರ ಕಾಣುತ್ತದೆ. ಕೈಯೇ ಓಡುವುದಿಲ್ಲ. ನೈಟಿಯಲ್ಲಿದ್ದಾಗ ನೋಡಬೇಕು. ಒಂದು ಕಾಲು ಚಾಚಿ, ಒದ್ದೆ ಎಲೆಯ ಮೇಲೆ ತಗಡಿನ ಅಚ್ಚು ಇಟ್ಟು ಕತ್ತರಿ ಆಡಿಸುತ್ತಾರೆ, ಕಣ್ಣು ಧಾರಾವಾಹಿ ಮೇಲೆ. ಎಲೆ ಸುತ್ತಿ, ಹೊಗೆಸೊಪ್ಪು ತುಂಬಿ, ನೂಲು ಕಟ್ಟಿ, ತುದಿ ಮಡಚುವುದು ನೋಡದೆಯೇ ಆಗುತ್ತದೆ. ಮಗಳು ಅದೇ ತಡ್ಪೆಯ ಅಂಚಿಗೆ ಪುಸ್ತಕ ಒರಗಿಸಿ ಕಾಪಿ ಬರೆಯುತ್ತಾಳೆ. ನನಗೆ ಬೇಕಿರುವುದು ಅದು.

ಬ್ರಹ್ಮಾವರ ದೊಡ್ಡಮ್ಮ
ನಿನಗೆ ಬೇಕಿರುವುದು ಸರಿ. ಅವರಿಗೂ ಒಂದು ಬೇಕಿರುವುದು ಉಂಟಲ್ವಾ? ನನ್ನನ್ನು ನೈಟಿಯಲ್ಲಿ ತೆಗೆದು ಊರಿಗೆಲ್ಲ ತೋರಿಸಿದರೆ ನಾನಂತೂ ಸೊಸೆಯನ್ನು ಬಿಡುವುದಿಲ್ಲ.

ಕೊಟ್ಟಾರದ ಕುಸುಮ
ನಾನು ಒಪ್ಪುವುದಿಲ್ಲ ದೊಡ್ಡಮ್ಮ. ನೈಟಿ ಇಲ್ಲದ ಮನೆ ಕರಾವಳಿಯಲ್ಲಿ ಎಲ್ಲುಂಟು? ಗೇಟಿಗೆ ಮೀನಿನವರು ಬಂದರೆ ಹೆಗಲಿಗೆ ಒಂದು ಬೈರಾಸು (ಟವೆಲ್) ಹಾಕಿಕೊಂಡು ನೈಟಿಯಲ್ಲೇ ಹೋಗುತ್ತೇವೆ. ಹಾಲಿನ ಸೊಸೈಟಿಗೂ ಹಾಗೇ. ಊರಿಡೀ ನೋಡಿದ ನೈಟಿ ಫೋಟೊದಲ್ಲಿ ಬಂದ ಕೂಡಲೇ ಮರ್ಯಾದೆ ಹೋಗುತ್ತದಾ? ಮಾವ ಬನಿಯನ್‌ನಲ್ಲಿ ಬಾಯಿ ತೆರೆದು ಮಲಗಿದ ಫೋಟೊಕ್ಕೆ ಭಾವ ಏನಾದರೂ ಹೇಳಿದರಾ? ಇಲ್ಲ ಅಂತ ನನ್ನ ಅಂದಾಜು.

ಕಾಪು ಕ್ಲಿಕ್
ಕುಸುಮಕ್ಕ, ಅದಕ್ಕೆ ಏನೂ ಹೇಳಲಿಲ್ಲ. ಸರಿಯಾಗಿ ಹಿಡಿದಿರಿ.

ಹಳೇ ರೋಲು
ಈ ಜಗಳ ಹೊಸದಲ್ಲ. ಲ್ಯಾರಿ ಸುಲ್ತಾನ್ ಎಂಬ ಅಮೆರಿಕದ ಫೋಟೊಗ್ರಾಫರ್ ಹತ್ತಿರ ಹತ್ತಿರ ಹತ್ತು ವರ್ಷ ತನ್ನ ಅಪ್ಪ ಅಮ್ಮನನ್ನೇ ತೆಗೆದ. 1992ರಲ್ಲಿ 'ಪಿಕ್ಚರ್ಸ್ ಫ್ರಂ ಹೋಮ್' ಎಂದು ಪುಸ್ತಕವಾಯಿತು. ಅಪ್ಪ ದೊಡ್ಡ ಕಂಪನಿಯ ಕೆಲಸ ಹೋಗಿ ಮನೆಯಲ್ಲಿದ್ದ ಮನುಷ್ಯ. ಮಗ ಅವರನ್ನು ಸೂಟು ಹಾಕಿಸಿ ಹಾಸಿಗೆಯ ತುದಿಯಲ್ಲಿ ಕೂರಿಸಿ ತೆಗೆದ. ಮುಖದಲ್ಲಿ ಕಳೆ ಇಲ್ಲ. ಅಪ್ಪನಿಗೆ ಆ ಚಿತ್ರ ಆಗಲಿಲ್ಲ. ಇದು ನಾನಲ್ಲ, ಇದು ನಿನ್ನ ಸಂಕಟ, ನನ್ನ ಮುಖದ ಮೇಲೆ ಹಾಕಿದ್ದೀಯ ಎಂಬ ಅರ್ಥದಲ್ಲಿ ವಾದ ಮಾಡಿದ. ಮಗ ಏನು ಮಾಡಿದ ಗೊತ್ತುಂಟಾ? ಅಪ್ಪನ ಆ ತಕರಾರನ್ನೂ ಪುಸ್ತಕದಲ್ಲೇ ಹಾಕಿದ. ಅದೇ ಆ ಪುಸ್ತಕದ ಜೀವ. ಬರೀ ಚಿತ್ರ ಇದ್ದಿದ್ದರೆ ಇಷ್ಟು ವರ್ಷ ಯಾರೂ ಮಾತಾಡುತ್ತಿರಲಿಲ್ಲ.

ಅತ್ತೆ ಸೀರೆ ಉಟ್ಟು ಗಟ್ಟಿಯಾಗಿ ಕೂತ ಫೋಟೊವನ್ನೂ ಬಿಸಾಡಬೇಡಿ. ಎರಡನ್ನೂ ಪಕ್ಕ ಪಕ್ಕ ಇಡಿ. ಅವರು ಹೇಗೆ ಕಾಣಬೇಕೆಂದು ಬಯಸುತ್ತಾರೆ, ನೀವು ಹೇಗೆ ಕಾಣುತ್ತೀರಿ, ಎರಡೂ ಅಲ್ಲೇ ಇರುತ್ತದೆ.

ಮಣಿಪಾಲ ಮಳೆ
ಸರ್, ಪಾಸ್‌ಪೋರ್ಟ್ ಸೈಜ್ ಅಂತೆಲ್ಲ ಹೇಳಿ ಇಷ್ಟು ಹೊತ್ತು ಇದನ್ನು ಮುಚ್ಚಿಟ್ಟುಕೊಂಡಿದ್ದಿರಾ!

ಹಳೇ ರೋಲು
ಸ್ಟುಡಿಯೊದಲ್ಲಿ ಗಿರಾಕಿ ಇಲ್ಲದಾಗ ಪುಸ್ತಕ ಓದುವುದೊಂದೇ ಕೆಲಸ.

ಕೋರ್ಟು ಗುಡ್ಡೆ
ಕಾನೂನಿನ ಕಡೆ ಸ್ವಲ್ಪ. ಇಲ್ಲಿ ಎರಡು ವಿಷಯ ಬೆರೆತಿದೆ.

ಹಕ್ಕು ಯಾರದ್ದು ಎಂಬುದು ಒಂದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೊ ತೆಗೆದವರೇ ಕರ್ತೃ. ಆದರೆ ಯಾರಾದರೂ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿದವರಿಗೆ ಹೋಗುತ್ತದೆ. ಅಂದರೆ ನೀವು ತೆಗೆದ ಮದುವೆ ಫೋಟೊಗಳನ್ನು ಸುಮ್ಮನೆ ಪ್ರದರ್ಶನಕ್ಕೆ ಇಡುವ ಹಾಗಿಲ್ಲ. ಮನೆಯಲ್ಲಿ ನಿಮ್ಮಷ್ಟಕ್ಕೆ ತೆಗೆದದ್ದು ನಿಮ್ಮದೇ. ಅವಧಿ, ತೆಗೆದವರು ಬದುಕಿರುವಷ್ಟು ಕಾಲ, ಆಮೇಲೆ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಭಾವನವರಿಗೆ ಇದರಲ್ಲಿ ಪಾಲಿಲ್ಲ, ಮನೆಯ ಆರ್‌ಟಿಸಿ ಅವರ ಹೆಸರಿನಲ್ಲಿದ್ದರೂ.

ಇನ್ನೊಂದು ಖಾಸಗಿತನ. ಹಕ್ಕು ನಿಮ್ಮದು ಅಂದ ಮಾತ್ರಕ್ಕೆ ಚಿತ್ರದಲ್ಲಿರುವವರ ಒಪ್ಪಿಗೆ ಬೇಡ ಅಂತಲ್ಲ. ಕನ್ನಡದಲ್ಲೇ ಒಂದು ಹಾಳೆ ಬರೆದು ಸಹಿ ತೆಗೆದುಕೊಳ್ಳಿ. ಯಾವ ಚಿತ್ರ, ಎಲ್ಲಿ ತೋರಿಸುತ್ತೀರಿ, ಮಾರುತ್ತೀರಾ, ಮಾರಿದರೆ ಅವರಿಗೆ ಏನು. ಅತ್ತೆಯಾದರೂ ಸಹಿ ಬೇಕು. ಅತ್ತೆಯಾದ್ದರಿಂದ ಜಾಸ್ತಿ ಬೇಕು.

ಕಾಪು ಕ್ಲಿಕ್
ಸರ್, ಮಗಳಿಗೆ ಎಂಟು ವರ್ಷ. ಅವಳ ಬದಲು ನಾನೇ ಸಹಿ ಹಾಕಿದರೆ ಸಾಕಾ?

ಕೋರ್ಟು ಗುಡ್ಡೆ
ಕಾಗದಕ್ಕೆ ಪೋಷಕರ ಸಹಿ. ಆದರೆ ಅಲ್ಲಿ ಕೇಳುವವರೂ ನೀವೇ, ಒಪ್ಪುವವರೂ ನೀವೇ. ಅದಕ್ಕೇ ಮಕ್ಕಳ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿರಬೇಕು. ಅಮೆರಿಕದ ಫೋಟೊಗ್ರಾಫರ್ ಸ್ಯಾಲಿ ಮನ್ ಎಂಬವರ ಕಥೆ ಗೊತ್ತಿರಬಹುದು. 1992ರಲ್ಲಿ ತನ್ನ ಮೂವರು ಮಕ್ಕಳ ಚಿತ್ರಗಳ ಪುಸ್ತಕ ತಂದರು. ಕೆಲವದರಲ್ಲಿ ಮಕ್ಕಳ ಮೈಮೇಲೆ ಬಟ್ಟೆ ಇಲ್ಲ. ಆಗಲೇ ದೊಡ್ಡ ಗಲಾಟೆ. ಮೂವತ್ತು ವರ್ಷ ದಾಟಿದ ಮೇಲೂ ಮುಗಿಯಲಿಲ್ಲ. 2025ರ ಶುರುವಿನಲ್ಲಿ ಟೆಕ್ಸಾಸಿನ ಫೋರ್ಟ್‌ವರ್ತ್ ಮ್ಯೂಸಿಯಂನಿಂದ ಪೊಲೀಸರು ಅವರ ಕೆಲವು ಚಿತ್ರ ಹೊತ್ತುಕೊಂಡು ಹೋದರು. ಕೊನೆಗೆ ಕೇಸು ಹಾಕಲಿಲ್ಲ. ಆದರೆ ನಮ್ಮಲ್ಲಿ ಪೋಕ್ಸೊ ಉಂಟು, ಅಲ್ಲಿಯ ಕಲೆಯ ವಾದ ಇಲ್ಲಿ ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಸ್ನಾನದ ಮನೆ ಕಡೆ ಕ್ಯಾಮೆರಾ ಬೇಡವೇ ಬೇಡ.

ಕಾಪು ಕ್ಲಿಕ್
ಅದು ನಾನು ಮೊದಲೇ ಗೆರೆ ಹಾಕಿಕೊಂಡಿದ್ದೇನೆ. ಶಾಲೆಯ ಹೆಸರು ಕಾಣುವ ಬ್ಯಾಡ್ಜ್ ಕೂಡ ತೆಗೆಸುತ್ತೇನೆ.

ಕಡಬದ ಕೃಷಿಕ
ಹಂಚಿನ ಮನೆಯಾ ತಾರಸಿಯಾ?

ಕಾಪು ಕ್ಲಿಕ್
ಎದುರು ಆರ್‌ಸಿಸಿ, ಹಿಂದೆ ಅಡುಗೆಮನೆ, ಬಚ್ಚಲು ಮಾತ್ರ ಹಳೇ ಹಂಚಿನ ಮಾಡು.

ಕಡಬದ ಕೃಷಿಕ
ಹಾಗಾದರೆ ಹಿಂದೆಯೇ ಇರಿ. ಅಡುಗೆಮನೆಯಲ್ಲಿ ಗಾಜಿನ ಹಂಚು ಇದ್ದರೆ ಅದೇ ನಿಮ್ಮ ಸ್ಟುಡಿಯೊ ಲೈಟು. ಒಲೆಗೆ ಬೆಂಕಿ ಹಾಕಿದಾಗ ಹೊಗೆಯಲ್ಲಿ ಆ ಬೆಳಕು ಕೋಲಿನ ಹಾಗೆ ನಿಲ್ಲುತ್ತದೆ. ನೀವು ಏನೂ ಮಾಡಬೇಕಾಗಿಲ್ಲ. ಆದರೆ ಗಾಜಿನ ಹಂಚಿಗೆ ಒಳಗಿನಿಂದ ಮಸಿ ಕಟ್ಟುತ್ತದೆ, ಹೊರಗಿನಿಂದ ಪಾಚಿ. ಮಳೆಗಾಲದ ಮೊದಲು ಹಂಚು ತೆಗೆದು ತೊಳೆಯಿರಿ, ಬೆಳಕು ಬೇರೆಯೇ ಆಗುತ್ತದೆ. ಈಗ ಮಾಡಿಗೆ ಹತ್ತುವವರೇ ಸಿಗುವುದಿಲ್ಲ ಅದು ಬೇರೆ. ಮಾಡಿನ ಮರದ ಪಕಾಸು, ರೀಪು ಗೆದ್ದಲು ತಿಂದಿದ್ದರೆ ಜಾಗ್ರತೆ.

ಬ್ರಿಟಿಷರು ಮಾಡಿಟ್ಟ ಹಂಚು, ನೂರಾರು ವರ್ಷ ಬಾಳಿಕೆ.

ಜೆಪ್ಪು ಜಂಕ್ಷನ್
ಬ್ರಿಟಿಷರಲ್ಲ ಸ್ವಾಮಿ. ಬಾಸೆಲ್ ಮಿಷನ್‌ನವರು. 1865ರಲ್ಲಿ ನಮ್ಮ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ್ದು, ಪ್ಲೆಬ್ಸ್ಟ್ ಎಂಬ ಜರ್ಮನ್. ಮಂಗಳೂರಿನವರಿಗೇ ಇದು ಗೊತ್ತಿಲ್ಲ ಅಂದರೆ ಏನು ಹೇಳುವುದು.

ಕಡಬದ ಕೃಷಿಕ
ನಾನು ಕಡಬದವನು ಮಾರಾಯ್ರೆ.

ಮಣಿಪಾಲ ಮಳೆ
ಕೃಷಿಕ ಅಣ್ಣ ಹೇಳಿದ್ದಕ್ಕೆ ಸಣ್ಣ ಸೇರ್ಪಡೆ. ಅಲ್ಲಿ ಟ್ಯೂಬ್‌ಲೈಟ್ ಆರಿಸಿ. ಹಗಲು ಬೆಳಕು ಮತ್ತು ಟ್ಯೂಬ್ ಬೆರೆತರೆ ಮುಖದ ಅರ್ಧ ಹಸಿರು ಹೊಡೆಯುತ್ತದೆ, ಆಮೇಲೆ ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ. ಬೆಳಕು ಕಡಿಮೆಯೆಂದು ಕ್ಯಾಮೆರಾದ ಐಎಸ್ಒ 3200ಕ್ಕೆ ಏರಿಸಲು ಹೆದರಬೇಡಿ. ಮಸಿ ಹಿಡಿದ ಗೋಡೆ ಕಪ್ಪಾಗಿಯೇ ಇರಲಿ. ಅದನ್ನು ಎತ್ತಿ ಎತ್ತಿ ಬೂದು ಮಾಡುವುದು ಮದುವೆ ಎಡಿಟಿಂಗ್ ಅಭ್ಯಾಸ.

ಲೆನ್ಸಿಗೆ ಫಂಗಸ್
ವಿಷಯ ಬಿಟ್ಟು ಕೇಳುತ್ತಿದ್ದೇನೆ, ಬೈಬೇಡಿ. ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ಕ್ಯಾಮೆರಾ ಹಿಡಿಯುತ್ತೀರಲ್ಲ, ಲೆನ್ಸ್ ಹೇಗೆ ಕಾಪಾಡುತ್ತೀರಿ? ನನ್ನ 35 ಎಂಎಂ ಒಳಗೆ ಜೇಡರ ಬಲೆ ಥರ ಬೆಳೆದಿದೆ.

ಫರಂಗಿಪೇಟೆ ಫಾಸ್ಟ್
ಅಕ್ಕಿ ಡಬ್ಬಿಯಲ್ಲಿ ಹಾಕಿ.

ಹಳೇ ರೋಲು
ಯಾರೂ ಅಕ್ಕಿ ಡಬ್ಬಿಯಲ್ಲಿ ಹಾಕಬೇಡಿ. ತೌಡಿನ ಧೂಳು ಫೋಕಸ್ ರಿಂಗಿಗೆ ಹೋಗುತ್ತದೆ. ಡ್ರೈ ಕ್ಯಾಬಿನೆಟ್ ತೆಗೆದುಕೊಳ್ಳಿ, ತೇವಾಂಶ 40ರಿಂದ 50ರೊಳಗೆ ಇಡಿ. ಅಷ್ಟು ದುಡ್ಡಿಲ್ಲದಿದ್ದರೆ ರಬ್ಬರ್ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್, ಮತ್ತು ಮೂಲೆಗೆ ಒಂದು ತೇವಾಂಶದ ಮೀಟರು. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಬಿಸಿ ಮಾಡಿ. ಚರ್ಮದ ಕೇಸಿನಲ್ಲಿ ಇಡುವುದು ಬೇಡ, ಫಂಗಸ್ಸಿಗೆ ಅದು ಹಬ್ಬದೂಟ. ಕ್ಯಾಮೆರಾವನ್ನು ದಿನಾ ಬಳಸುವುದೇ ಒಳ್ಳೆ ಮದ್ದು. ಬಲೆ ಜಾಸ್ತಿ ಹರಡುವ ಮೊದಲು ಸರ್ವೀಸಿಗೆ ಕೊಡಿ. ಬಿಟ್ಟರೆ ಗಾಜಿನ ಕೋಟಿಂಗನ್ನೇ ತಿನ್ನುತ್ತದೆ.

ಫ್ರೇಮಿನಂಗಡಿ
ಫಂಗಸ್ ಲೆನ್ಸಿಗೆ ಮಾತ್ರ ಅಲ್ಲ. ಪ್ರಿಂಟ್ ಮಾರುವ ಆಸೆ ಇರುವವರು ಇದನ್ನು ಓದಿ.

ನನ್ನದು ಕಾರ್‌ಸ್ಟ್ರೀಟ್ ಕಡೆ ಕಟ್ಟು ಹಾಕುವ ಅಂಗಡಿ. ಪ್ರತಿ ಮಳೆಗಾಲ ಮುಗಿದ ಮೇಲೆ ಜನ ಹಳೇ ಫೋಟೊ ತರುತ್ತಾರೆ, ಗಾಜಿಗೆ ಅಂಟಿರುತ್ತದೆ. ಅಜ್ಜನ ಮುಖ ಅರ್ಧ ಗಾಜಿನಲ್ಲಿ, ಅರ್ಧ ಕಾಗದದಲ್ಲಿ. ಕೀಳಲು ಹೋದರೆ ಹೋಯಿತು. ಅಂಥದ್ದನ್ನು ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ ಎಂದು ಕಳಿಸುತ್ತೇನೆ. ಕಾರಣ ಒಂದೇ, ಮೌಂಟ್ (ಚಿತ್ರದ ಸುತ್ತಲಿನ ದಪ್ಪ ರಟ್ಟು) ಹಾಕದೆ ಗಾಜನ್ನು ನೇರ ಫೋಟೊದ ಮೇಲೆ ಕೂರಿಸಿರುತ್ತಾರೆ.

ಗ್ಯಾಲರಿಗೆ ಕೊಡುವ ಪ್ರಿಂಟ್ ಆದರೆ ಹತ್ತಿಯ ಕಾಗದ, ಪಿಗ್ಮೆಂಟ್ ಇಂಕು. ಸುತ್ತ ಆಸಿಡ್ ಇಲ್ಲದ ಮೌಂಟ್ ಬೋರ್ಡು, ಗಾಜಿಗೂ ಚಿತ್ರಕ್ಕೂ ಮಧ್ಯೆ ಜಾಗ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ಚೂರು ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಲಿ. ನಮ್ಮ ಗೋಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬೆವರುತ್ತದೆ. ಹಿಂದಿನ ಕಡೆ ಟೇಪ್ ಹಾಕಿ ಮುಚ್ಚದಿದ್ದರೆ ಸಿಲ್ವರ್ ಫಿಶ್ ಹುಳ ಬರುತ್ತದೆ. ಇದೆಲ್ಲ ಮಾಡಿದರೆ ಒಂದು ಫ್ರೇಮಿನ ಖರ್ಚು ನೀವು ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ. ಪ್ರದರ್ಶನ ಮಾಡುತ್ತೇನೆ ಅನ್ನುವವರು ಮೊದಲು ಈ ಲೆಕ್ಕ ಹಾಕುವುದಿಲ್ಲ.

ದುಬೈ ಪಾರ್ಟಿ
ಸರಿ, ಕೊಳ್ಳುವವನ ಕಡೆಯಿಂದ ನಾನು ಮಾತಾಡುತ್ತೇನೆ. ನನ್ನ ಇಲ್ಲಿಯ ಫ್ಲ್ಯಾಟಿಗೆ ಊರಿನ ಮನೆಯ ಒಂದು ಒಳ್ಳೆ ಚಿತ್ರ ಬೇಕು. ತಾಮ್ರದ ಹಂಡೆ, ಕಡೆಯುವ ಕಲ್ಲು, ಚಿಮಿಣಿ ದೀಪ. ಅಂಥದ್ದಿದ್ದರೆ ಖಂಡಿತ ಕೊಳ್ಳುತ್ತೇನೆ.

ಕೊಟ್ಟಾರದ ಕುಸುಮ
ನಿಮ್ಮ ಮನೆಯಲ್ಲಿ ಈಗ ಹಂಡೆ ಉಂಟಾ?

ದುಬೈ ಪಾರ್ಟಿ
ಇಲ್ಲ, ಗೀಸರ್ ಹಾಕಿಸಿದೆವು. ಹಂಡೆ ಗುಜರಿಗೆ ಹೋಯಿತು.

ಕೊಟ್ಟಾರದ ಕುಸುಮ
ಅದನ್ನೇ ಹೇಳುವುದು. ಗುಜರಿಗೆ ಹಾಕಿದ್ದರ ಫೋಟೊ ಬೇಕು, ಈಗ ಇರುವುದರದ್ದು ಬೇಡ.

ಕಾಪು ಕ್ಲಿಕ್
ಇದು ನನಗೂ ಆಗಿದೆ. ಒಬ್ಬ ಇಂಟೀರಿಯರ್‌ನವರು ಚಿತ್ರ ನೋಡಿ "ಚೆನ್ನಾಗಿದೆ, ಆದರೆ ನೀಲಿ ಪ್ಲಾಸ್ಟಿಕ್ ಡ್ರಮ್ಮು, ತೊಳೆದು ನೇತು ಹಾಕಿದ ಹಾಲಿನ ಪ್ಯಾಕೆಟ್ ಅಳಿಸಿ ಕೊಡಿ" ಅಂದರು. ಹೋಂಸ್ಟೇಗೆ ಬೇಕಿತ್ತಂತೆ. ಅಳಿಸಲಿಲ್ಲ. ಆ ಕೆಲಸವೂ ಹೋಯಿತು.

ಹಳೇ ರೋಲು
ಒಳ್ಳೆಯದಾಯಿತು. ಹಂಡೆ ನೋಡಬೇಕಾದರೆ ಮಣಿಪಾಲದ ಹಸ್ತಶಿಲ್ಪಕ್ಕೆ ಹೋಗಲಿ. ವಿಜಯನಾಥ ಶೆಣೈಯವರು ಹಳೇ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದ್ದಾರೆ, ಅದ್ಭುತ ಕೆಲಸ. ಆದರೆ ಅಲ್ಲಿ ಯಾರೂ ವಾಸ ಇಲ್ಲ. ಕಾಪುವಿನವರ ಅಡುಗೆಮನೆಯಲ್ಲಿ ಜನ ವಾಸ ಇದ್ದಾರೆ, ಅವರಿಗೆ ಡ್ರಮ್ಮು ಬೇಕು. ಡ್ರಮ್ಮು ಅಳಿಸಿದ ದಿನ ನೀವು ಕ್ಯಾಲೆಂಡರ್ ಮಾಡುವವರಾಗುತ್ತೀರಿ. ನಾನು ಅದನ್ನು ಮಾಡಿಯೇ ಮನೆ ನಡೆಸಿದವನು, ಬೇಸರ ಇಲ್ಲ. ಆದರೆ ಎರಡೂ ಒಂದೇ ಅಂತ ಮಾತ್ರ ಅಂದುಕೊಳ್ಳಬೇಡಿ.

ಸುಮ್ನೆ ಓದುವವ
ರಿಚರ್ಡ್ ಬಿಲ್ಲಿಂಗ್‌ಹ್ಯಾಮ್ ನೆನಪಾದ. ಇಂಗ್ಲೆಂಡಿನವನು. ಕುಡುಕ ಅಪ್ಪ, ಸಣ್ಣ ಸರ್ಕಾರಿ ಫ್ಲ್ಯಾಟು. ಪೇಂಟಿಂಗ್ ಮಾಡಲು ಆಗುತ್ತದೆಂದು ಕಡಿಮೆ ದರ್ಜೆಯ ಫಿಲ್ಮಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದ. ನೋಡಿದವರು ಪೇಂಟಿಂಗ್ ಬಿಡು, ಇದೇ ಕೆಲಸ ಅಂದರು. 1996ರಲ್ಲಿ ಪುಸ್ತಕ, 2001ರಲ್ಲಿ ಅಲ್ಲಿಯ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್‌ನ ಅಂತಿಮ ಪಟ್ಟಿಯಲ್ಲಿ ಹೆಸರು. ಅವನ ಚಿತ್ರದಲ್ಲಿ ಒಂದು ಸಾಮಾನೂ ಅಳಿಸಿಲ್ಲ. ನೋಡಿದರೆ ವಾಸನೆ ಬರುತ್ತದೆ.

ಬ್ರಹ್ಮಾವರ ದೊಡ್ಡಮ್ಮ
ಅಪ್ಪ ಕುಡಿದು ಬಿದ್ದದ್ದನ್ನು ತೋರಿಸಿ ಪ್ರಶಸ್ತಿ. ಎಂಥಾ ಕಾಲ ಬಂತಪ್ಪ.

ಮಣಿಪಾಲ ಮಳೆ
ದೊಡ್ಡಮ್ಮ ಹೇಳಿದ ಮಾತನ್ನೇ ಅಲ್ಲಿಯ ವಿಮರ್ಶಕರೂ ಹೇಳಿದರು, ಉದ್ದ ಮಾಡಿ.

ಈಗ ಕಾಪು ಅಕ್ಕನ ಮೂಲ ಪ್ರಶ್ನೆಗೆ. ಕೆಲಸ ಹೇಗೆ ಮುಂದೆ ಹೋಗುತ್ತದೆಂದು ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಇನ್‌ಸ್ಟಾದಲ್ಲಿ ದಿನಾ ಒಂದು ಹಾಕುತ್ತಾ ಹೋದರೆ ಏನೂ ಆಗುವುದಿಲ್ಲ. ನೂರಾರು ಚಿತ್ರದಿಂದ ಹದಿನೈದಿಪ್ಪತ್ತು ಆರಿಸಿ, ಕ್ರಮವಾಗಿ ಜೋಡಿಸಿ, ಒಂದು ಪುಟ ಬರಹ ಬರೆಯಿರಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್ ಕಲಾವಿದರಿಗೆ ಅನುದಾನ ಕೊಡುತ್ತದೆ. ಕಸ್ತೂರ್‌ಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಮ್ಯೂಸಿಯಂನಲ್ಲಿ ಫೋಟೊಗ್ರಫಿಗೇ ದೊಡ್ಡ ಜಾಗ ಉಂಟು. ಕಡಿಮೆಯೆಂದರೆ ಒಮ್ಮೆ ಹೋಗಿ ಒಳ್ಳೆ ಪ್ರಿಂಟ್ ಎಂದರೆ ಹೇಗಿರುತ್ತದೆಂದು ಹತ್ತಿರದಿಂದ ನೋಡಿ. ಚೆನ್ನೈ ಫೋಟೊ ಬಿಯೆನಾಲೆ ಎಂಬ ಫೋಟೊ ಉತ್ಸವ ಉಂಟು. ನಮ್ಮಲ್ಲೇ ಸಣ್ಣದಾಗಿ ತೋರಿಸಬೇಕೆಂದರೆ ಮಂಗಳೂರು ಬಲ್ಲಾಳ್‌ಬಾಗಿನ ಕೊಡಿಯಾಲಗುತ್ತು ಕಲಾ ಕೇಂದ್ರ. ಅದೇ ಒಂದು ಹಳೇ ಗುತ್ತಿನ ಮನೆ, ನಿಮ್ಮ ಚಿತ್ರಕ್ಕೆ ಗೋಡೆ ಹೊಂದುತ್ತದೆ.

ಮಾರಾಟ ಎಂದರೆ ಎಡಿಶನ್ ಲೆಕ್ಕ. ಒಂದು ಚಿತ್ರಕ್ಕೆ ಐದೋ ಹತ್ತೋ ಪ್ರಿಂಟ್, ನಂಬರ್ ಹಾಕಿ ಸಹಿ. ಅಷ್ಟು ಮುಗಿದ ಮೇಲೆ ಯಾರು ಕೇಳಿದರೂ ಆ ಅಳತೆಯಲ್ಲಿ ಮತ್ತೆ ತೆಗೆಯಬಾರದು. ಗ್ಯಾಲರಿಯವರು ಸಾಮಾನ್ಯವಾಗಿ ಅರ್ಧ ಇಟ್ಟುಕೊಳ್ಳುತ್ತಾರೆ.

ಫರಂಗಿಪೇಟೆ ಫಾಸ್ಟ್
ಅರ್ಧ?! ನಮ್ಮ ಮಾರ್ಕೆಟಿನ ದಲ್ಲಾಳಿಯೇ ವಾಸಿ.

ಫ್ರೇಮಿನಂಗಡಿ
ಮತ್ತೆ ಫ್ರೇಮಿನ ಖರ್ಚು ಹೆಚ್ಚಾಗಿ ಕಲಾವಿದರದ್ದೇ. ಅದನ್ನೂ ಸೇರಿಸಿಕೊಳ್ಳಿ.

ಹಳೇ ರೋಲು
ಹಾಗಾಗಿ ನನ್ನ ಮಾತು ಇಷ್ಟು. ಏಪ್ರಿಲ್, ಮೇ ಮದುವೆಗಳನ್ನು ಒಂದೂ ಬಿಡಬೇಡಿ. ಆ ದುಡ್ಡಲ್ಲಿ ಒಂದು ಪಾಲು ಎತ್ತಿಟ್ಟು ಪ್ರಿಂಟಿಗೆ ಹಾಕಿ. ಅತ್ತೆಯ ಚಿತ್ರದಿಂದ ಅಕ್ಕಿ ಬರಬೇಕು ಎಂದು ಕಾಯುತ್ತಾ ಕೂತರೆ, ಅಕ್ಕಿ ಬರಿಸುವ ಚಿತ್ರವನ್ನೇ ತೆಗೆಯಲು ಶುರು ಮಾಡುತ್ತೀರಿ. ಆ ಡ್ರಮ್ಮು ಅಳಿಸಲು ಹೇಳಿದವರಿಗೆ ಬೇಡ ಅನ್ನಲು ನಿಮಗೆ ಧೈರ್ಯ ಬಂದದ್ದು ಮದುವೆ ದುಡ್ಡಿನಿಂದ ಅಲ್ವಾ?

ಕೊಟ್ಟಾರದ ಕುಸುಮ
ಭಾವನ ವಿಷಯ ಯಾರೂ ಮುಗಿಸಲೇ ಇಲ್ಲ.

ಬ್ರಹ್ಮಾವರ ದೊಡ್ಡಮ್ಮ
ಭಾವನನ್ನು ಬಿಡಿ. ಪ್ರಿಂಟ್ ಹಾಕಿಸಿ ಅತ್ತೆಯ ಮುಂದೆ ಇಡು ಮಗಾ. ಫೋನಿನಲ್ಲಿ ತೋರಿಸಬೇಡ, ಕೈಯಲ್ಲಿ ಹಿಡಿದು ನೋಡಲಿ. ಬೇಡ ಅಂದದ್ದನ್ನು ಬಿಡು. ಅತ್ತೆ ಒಪ್ಪಿದ ಮೇಲೆ ಭಾವ ತಾಯಿಯ ಎದುರು ಏನು ಮಾತಾಡುತ್ತಾರೆ?

ಕಾಪು ಕ್ಲಿಕ್
ದೊಡ್ಡಮ್ಮ ಹೇಳಿದ ಹಾಗೆ ಮಾಡಿದೆ. ಸಣ್ಣ ಪ್ರಿಂಟ್ ಹಾಕಿಸಿ, ರಾತ್ರಿ ಊಟ ಆದ ಮೇಲೆ ಅತ್ತೆಯ ಮುಂದೆ ಹರಡಿದೆ. ಕನ್ನಡಕ ಹಾಕಿ ಒಂದೊಂದೇ ನೋಡಿದರು. ಎರಡನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು, "ಇದು ಯಾರಿಗೂ ಬೇಡ" ಅಂತ. ಒಂದರಲ್ಲಿ ಎಲೆ ಕತ್ತರಿಸಿದ್ದು ಓರೆಯಾಗಿತ್ತಂತೆ, ಬೀಡಿ ಬ್ರಾಂಚಿನವರು ನೋಡಿದರೆ ನಗುತ್ತಾರಂತೆ. ಇನ್ನೊಂದು ಯಾಕೆಂದು ಹೇಳಲಿಲ್ಲ. ನೈಟಿಯ ಬಗ್ಗೆ ಒಂದು ಮಾತೂ ಇಲ್ಲ! ಮಾವ ಮಲಗಿದ ಚಿತ್ರ ನೋಡಿ ನಕ್ಕೂ ನಕ್ಕೂ ಕೆಮ್ಮು ಬಂತು. ಅದನ್ನು ದೊಡ್ಡದು ಮಾಡಿಸಿ ಚಾವಡಿಯಲ್ಲಿ ಹಾಕು ಅಂದರು. ಈಗ ಮಾವನ ಒಪ್ಪಿಗೆ ಬೇಕು.

ಕೋರ್ಟು ಗುಡ್ಡೆ
ಮಾವನವರ ಸಹಿಯೂ ಬೇಕಾಗುತ್ತದೆ. ಎಚ್ಚರ ಇರುವಾಗ ಹಾಕಿಸಿಕೊಳ್ಳಿ.

ದುಬೈ ಪಾರ್ಟಿ
ಆ ಡ್ರಮ್ಮಿನ ಚಿತ್ರ ಒಮ್ಮೆ ಕಳಿಸಿ. ನೋಡುತ್ತೇನೆ. ಕೊಳ್ಳುತ್ತೇನೆ ಅಂತ ಹೇಳಿಲ್ಲ.

ಲೆನ್ಸಿಗೆ ಫಂಗಸ್
ಉಡುಪಿಯಲ್ಲಿ ಸೆಕೆಂಡ್ ಹ್ಯಾಂಡ್ ಡ್ರೈ ಕ್ಯಾಬಿನೆಟ್ ಯಾರದ್ದಾದರೂ ಉಂಟಾ?

ಫ್ರೇಮಿನಂಗಡಿ
ಕಾಪು ಅಕ್ಕ, ಮಾವನ ಚಿತ್ರ ದೊಡ್ಡದು ಮಾಡಿಸುವುದಾದರೆ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ, ಅದು ಅಂಚೆ ಚೀಟಿಯಷ್ಟಾಗಿ ಬರುತ್ತದೆ. ಪೆನ್‌ಡ್ರೈವ್ ತನ್ನಿ. ಭಾನುವಾರ ರಜೆ.